ಶಾಲೆಯ ಮೂರು ಹೊಸ್ತಿಲುಗಳು

ಗ್ರಾಮೀಣ ವಿದ್ಯಾಭ್ಯಾಸವನ್ನು ಕುರಿತ ವಿವೇಚನೆ ಸಾಮಾನ್ಯವಾಗಿ ಶಾಲೆಗಳೆಷ್ಟು, ಉಪಾಧ್ಯಾಯರೆಷ್ಟು ಎಂಬ ಲೆಕ್ಕದಿಂದ ಆರಂಭವಾಗುತ್ತದೆ. ಶಾಲೆಯು ಊರಿನಲ್ಲಿಯೇ ಇದ್ದೂ ಕೆಲವು ಮಕ್ಕಳಿಗೆ ಅದು ಏಕೆ ಎಟುಕಲಿಲ್ಲ ಎಂಬುದು ಬೇರೆಯೇ ಪ್ರಶ್ನೆ. ಜಾತಿ, ಬಡತನ, ಹೆಣ್ಣಾಗಿ ಹುಟ್ಟಿದುದು ಎಂದು ಅದಕ್ಕೆ ಮೂರು ಕಾರಣಗಳನ್ನು ಹೇಳುವುದುಂಟು. ಈ ಮೂರೂ ಒಂದರೊಳಗೊಂದು ಹೆಣೆದುಕೊಂಡು ಹೇಗೆ ಕೆಲಸ ಮಾಡಿದುವೆಂಬುದನ್ನು ಕನ್ನಡ ನಾಡಿನ ಉದಾಹರಣೆಗಳಿಂದ ತಿಳಿಯುವುದು ಈ ಲೇಖನದ ಉದ್ದೇಶ.

ಹಿಂದಿನ ಕಾಲದ ಕೂಲಿ ಮಠ, ಐಗಳ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿ, ಲೆಕ್ಕ, ಪತ್ರವ್ಯವಹಾರಗಳನ್ನು ಕಲಿಯುತ್ತಿದ್ದರು. ಅಕ್ಷರವು ವೃತ್ತಿಗೆ ಅಂಟಿಕೊಂಡಿತ್ತು. ಶಾನುಭೋಗನ ಮಗನಿಗೂ ಅಂಗಡಿಕಾರನ ಮಗನಿಗೂ ಅದು ಬೇಕಾಗಿತ್ತು. ಹೊಲದಲ್ಲಿ ದುಡಿಯುವವನ ಮಗನಿಗೆ ಬೇಕಿಲ್ಲವೆಂದು ಊರು ತೀರ್ಮಾನಿಸಿತ್ತು.

ಸರಕಾರದ ಶಾಲೆಗಳು ಬಂದ ಮೇಲೆ ಈ ತೀರ್ಮಾನ ಮೊದಲ ಬಾರಿಗೆ ಪ್ರಶ್ನೆಗೊಳಗಾಯಿತು. 1856ರ ಜೂನ್ ತಿಂಗಳಲ್ಲಿ ಧಾರವಾಡದ ಮಹಾರ ಬಾಲಕನೊಬ್ಬನು ಸರಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಸಲ್ಲಿಸಿದನು. ನ್ಯಾಯವು ಅವನ ಪಕ್ಷದಲ್ಲಿದೆಯೆಂದು ಸರಕಾರ ಒಪ್ಪಿತು; ಆದರೆ ಒಬ್ಬನ ಸಲುವಾಗಿ ಬಹುಕಾಲದ ರೂಢಿಗೆ ಕೈಹಾಕಿದರೆ ಶಿಕ್ಷಣಕ್ಕೇ ಧಕ್ಕೆಯಾದೀತೆಂದು ಹಿಂಜರಿಯಿತು. ಪ್ರಕರಣವು ಲಂಡನ್ನಿನವರೆಗೆ ಹೋಯಿತು. ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ಸಮಾನವಾಗಿ ತೆರೆದಿರಬೇಕೆಂದು ಕಂಪನಿಯ ನಿರ್ದೇಶಕರು 1858ರಲ್ಲಿ ತಿಳಿಸಿದರು. 1882ರ ಹಂಟರ್ ಆಯೋಗವೂ ಈ ತತ್ತ್ವವನ್ನು ಎತ್ತಿಹಿಡಿಯಿತು. ಆದರೆ ಆಜ್ಞೆಯಲ್ಲಿ ತೆರೆದ ಬಾಗಿಲು ಊರಿನಲ್ಲಿ ತೆರೆಯಲಿಲ್ಲ. ಜಗುಲಿಯ ಮೇಲೆ ಬೇರೆಯಾಗಿ ಕುಳಿತು ಪಾಠ ಕೇಳಬೇಕಾದ ಸ್ಥಿತಿ ಎಷ್ಟೋ ಕಡೆ ದಶಕಗಳ ಕಾಲ ಉಳಿಯಿತು.

ಅಂದು ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಕುದ್ಮುಲ್ ರಂಗರಾಯರು ಬೇರೊಂದು ಮಾರ್ಗವನ್ನು ಹಿಡಿದರು. ಮಂಗಳೂರಿನಲ್ಲಿ ವಕೀಲರಾಗಿದ್ದ ಅವರು 1897ರಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಕಟ್ಟಿ ಶಾಲೆಗಳನ್ನು ನಡೆಸಿದರು. ಶಾಲೆಯೊಡನೆ ಕೈಕಸುಬಿನ ತರಬೇತಿ, ವಸತಿಗಳಿಗೂ ಅವರು ಗಮನ ಕೊಟ್ಟುದು ಅರ್ಥಪೂರ್ಣವಾಗಿದೆ. ಜಾತಿಯ ಹೊಸ್ತಿಲನ್ನು ದಾಟಿದ ಮಗುವಿಗೆ ಒಡನೆಯೇ ಹಸಿವಿನ ಹೊಸ್ತಿಲು ಎದುರಾಗುತ್ತದೆಯಷ್ಟೆ.

ಕೂಲಿಯ ಕುಟುಂಬದಲ್ಲಿ ಮಗುವೂ ದುಡಿಯುವ ಜೀವವೇ. ಬಿತ್ತನೆ, ಕಳೆ, ಕೊಯ್ಲುಗಳ ದಿನಗಳು ಶಾಲೆಯ ದಿನಗಳೊಡನೆ ಸ್ಪರ್ಧಿಸುತ್ತವೆ. ಹಳ್ಳಿಯ ಪ್ರಾಥಮಿಕ ತರಗತಿಗಳು ಮುಗಿದ ಮೇಲೆ ಮುಂದಿನ ಓದಿಗೆ ಪಟ್ಟಣಕ್ಕೆ ಹೋಗಬೇಕು. ಅಲ್ಲಿ ಅನ್ನವೂ ಆಶ್ರಯವೂ ಬೇಕು. ಜಾತಿಯು ಇಲ್ಲಿ ಇನ್ನೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನವಿತ್ತು. ವೀರಶೈವ ಹುಡುಗನಿಗೆ ಮಠದ ಪ್ರಸಾದನಿಲಯವಿತ್ತು. 1883ರ ಲಿಂಗಾಯತ ವಿದ್ಯಾನಿಧಿ, 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ ಮೊದಲಾದುವು ಸಮಾಜದ ಬಲವನ್ನು ವಿದ್ಯೆಯ ಬಲವಾಗಿಸಿದುವು. ಬಡತನ ಒಂದೇ ಆಗಿದ್ದರೂ ಅದನ್ನು ದಾಟಲು ದೊರೆತ ಊರುಗೋಲು ಒಂದೇ ಆಗಿರಲಿಲ್ಲ. ಕೊಡುವ ಮನೆಯಾಗಲಿ ಮಠವಾಗಲಿ ಇಲ್ಲದ ಸಮಾಜಗಳಿಗೆ ಸರಕಾರವೇ ಆಸರೆಯಾಗಬೇಕಾಯಿತು. ಮೈಸೂರು ಸಂಸ್ಥಾನವು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದುದರ ಹಿನ್ನೆಲೆಯಲ್ಲಿಯೂ, ಮುಂದೆ ವಿದ್ಯಾರ್ಥಿವೇತನ, ವಸತಿಗೃಹಗಳು ಬೆಳೆದುದರ ಹಿನ್ನೆಲೆಯಲ್ಲಿಯೂ ಈ ಅಗತ್ಯವಿತ್ತು.

ಆದರೆ ವಾರಾನ್ನವಾಗಲಿ ಪ್ರಸಾದನಿಲಯವಾಗಲಿ ಇದ್ದುದು ಗಂಡುಮಕ್ಕಳಿಗೆ. ಧಾರವಾಡದಲ್ಲಿ ಅರ್ಜಿ ಕೊಟ್ಟವನೂ ಬಾಲಕನೇ. ಇತ್ತ ಹೆಣ್ಣುಮಕ್ಕಳಿಗಾಗಿ ಮೈಸೂರಿನಲ್ಲಿ 1881ರಲ್ಲಿ ತೆರೆದ ಮಹಾರಾಣಿಯವರ ಪಾಠಶಾಲೆಗೆ ಆರಂಭದಲ್ಲಿ ಬಂದವರು ಮೇಲುಜಾತಿಯ ಮನೆಗಳವರು. ಜಾತಿಗಾಗಿ ತೆರೆದ ಬಾಗಿಲಿನಲ್ಲಿ ಹುಡುಗನು ಒಳಹೋದನು. ಹೆಣ್ಣಿಗಾಗಿ ತೆರೆದ ಬಾಗಿಲಿನಲ್ಲಿ ಮೇಲುಜಾತಿಯವಳು ಒಳಹೋದಳು. ದಲಿತ ಕೂಲಿಯವನ ಮಗಳು ಎರಡರ ಹೊರಗೂ ಉಳಿದಳು. ತಮ್ಮನನ್ನು ಎತ್ತಿಕೊಳ್ಳುವುದು, ನೀರು ತರುವುದು ಅವಳ ಪಾಲಿನ ಪಾಠಗಳಾದುವು. ಮೈನೆರೆದ ಮೇಲೆ ದೂರದ ಶಾಲೆಗೆ ಕಳುಹಿಸಲು ಮನೆಯವರು ಅಂಜುವರು. ಬೇರೆ ಮನೆಗೆ ಹೋಗುವವಳಿಗೆ ಖರ್ಚೇಕೆಂಬ ಮಾತೂ ಸೇರುವುದು.

ನೌಪಾಡಾ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿರುವ ನಮಗೆ ಇದು ದೂರದ ಕಥೆಯಲ್ಲ. ಹಗಲು ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿ ಓದಿದ ಕರಾವಳಿಯ ಹುಡುಗರನ್ನು ಬೆಳೆಸಿದುದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಮಾಜ ಸಂಸ್ಥೆಗಳು ಈ ಕಾರ್ಯದಲ್ಲಿ ಮುಂದಾದುವು. ಬಡತನದ ಹೊಸ್ತಿಲನ್ನು ಇಷ್ಟು ಧೈರ್ಯದಿಂದ ದಾಟಿಸಿದ ಉದಾಹರಣೆ ವಿರಳ. ಆದರೂ ಅಲ್ಲಿ ಓದಿದವರು ಬಹುಮಟ್ಟಿಗೆ ಹುಡುಗರೇ. ಊರಿನಲ್ಲಿ ಉಳಿದು ಬೀಡಿ ಕಟ್ಟಿ ಮನೆ ನಡೆಸಿದ ಅವರ ಅಕ್ಕತಂಗಿಯರಿಗೆ ರಾತ್ರಿ ಶಾಲೆ ಇರಲಿಲ್ಲ.

ಇಂದು ಪರಿಸ್ಥಿತಿ ಬಹಳಷ್ಟು ಬದಲಾಗಿದೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹವು ಹಸಿವನ್ನೂ, 2006ರಿಂದೀಚೆಗೆ ಹೆಣ್ಣುಮಕ್ಕಳಿಗೆ ಕೊಟ್ಟ ಸೈಕಲ್ಲು ದಾರಿಯ ದೂರವನ್ನೂ ಎದುರಿಸಿದುವು. ಆದರೂ 2011ರ ಜನಗಣತಿಯಲ್ಲಿ ಕರ್ನಾಟಕದ ಪುರುಷರ ಸಾಕ್ಷರತೆ ಶೇಕಡಾ 82ರಷ್ಟಿದ್ದರೆ ಸ್ತ್ರೀಯರದು 68ರಷ್ಟಿತ್ತು. ದಕ್ಷಿಣ ಕನ್ನಡ ಜಿಲ್ಲೆ 88ನ್ನು ದಾಟಿದ್ದಾಗ ಯಾದಗಿರಿ 52ನ್ನು ಮುಟ್ಟಿರಲಿಲ್ಲ.

ಆ ಕಲ್ಯಾಣ ಕರ್ನಾಟಕದ ಸೀಮೆಯಿಂದಲೇ ಕೂಲಿ ಕುಟುಂಬಗಳು ಮುಂಬಯಿ, ಠಾಣೆಯ ಕಡೆಗೆ ಕಟ್ಟಡದ ಕೆಲಸಕ್ಕೆ ಬರುತ್ತವೆ. ನಾವು ವಾಸಿಸುವ ಇಂತಹ ಕಟ್ಟಡಗಳಿಗೆ ಮಣ್ಣು ಹೊತ್ತ ತಾಯಿಯ ಮಗಳು ವರ್ಷದ ನಡುವೆ ಊರಿನ ಶಾಲೆಯನ್ನು ಬಿಟ್ಟು ಬಂದವಳಾಗಿರಬಹುದು. ಇಲ್ಲಿಯ ಮರಾಠಿ ಶಾಲೆ ಅವಳಿಗೆ ಹೊಸದು. ನಮ್ಮ ಸಂಘಗಳು ಹೆಚ್ಚು ಅಂಕ ಪಡೆದವರಿಗೆ ಪ್ರತಿವರ್ಷವೂ ಬಹುಮಾನ ಕೊಡುತ್ತವೆ. ಅದು ಉಚಿತವೇ. ಆದರೆ ಮೂರು ಹೊಸ್ತಿಲುಗಳನ್ನೂ ದಾಟಿದವರಿಗೆ ಮಾತ್ರ ಸಲ್ಲುವ ಗೌರವವದು. ಏಳನೆಯ ತರಗತಿಯಿಂದ ಎಂಟನೆಯದಕ್ಕೆ ಹೋಗಲಾರದೆ ನಿಲ್ಲುವ ಹುಡುಗಿಯ ಕಡೆಗೆ ಆ ನಿಧಿಯ ಒಂದು ಪಾಲು ತಿರುಗಿದರೆ, ರಾತ್ರಿ ಶಾಲೆಗಳನ್ನು ಕಟ್ಟಿದ ಹಿರಿಯರ ಕೆಲಸವನ್ನು ನಾವು ಮುಂದುವರಿಸಿದಂತಾಗುವುದು.