ಬಿಸಿಯೂಟದ ಲೆಕ್ಕದಲ್ಲಿ ಕಲ್ಯಾಣ ರಾಜ್ಯ

ಅಭ್ಯಾಸ ಬೋಧನೆಯಲ್ಲಿ ನನಗೆ ಸಿಕ್ಕಿದ್ದು ಎಂಟನೇ ತರಗತಿಯ ಗಣಿತ. ಶೇಕಡಾ ಪಾಠಕ್ಕೆ ಮಕ್ಕಳ ಅನುಭವದ ಉದಾಹರಣೆಯೇ ಇರಲಿ ಎಂದು ಬಿಸಿಯೂಟವನ್ನು ಆರಿಸಿಕೊಂಡೆ. ತಲೆಗೆ 150 ಗ್ರಾಂ ಅಕ್ಕಿಯಾದರೆ 42 ಮಂದಿಗೆ ಎಷ್ಟು? 6 ಕೆ.ಜಿ. 300 ಗ್ರಾಂ ಎಂದು ಉತ್ತರ ಬಂತು. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಮಿಸ್, ಊಟ ಫ್ರೀ ಅಲ್ವಾ? ಲೆಕ್ಕ ಯಾಕೆ?"

ಕಲ್ಯಾಣ ರಾಜ್ಯ ಎಂದರೇನು ಎಂಬ ಪ್ರಶ್ನೆಯೇ ಅದು. ಪ್ರಜೆಯ ಹಸಿವು, ಕಾಯಿಲೆ, ಓದು ಅವನೊಬ್ಬನ ತೊಂದರೆಯಲ್ಲ, ಸರ್ಕಾರದ ಹೊಣೆಯೂ ಹೌದು ಎಂದು ಒಪ್ಪಿ, ತೆರಿಗೆ ಹಣದಲ್ಲಿ ಅದನ್ನು ಹೊರುವ ರಾಜ್ಯ. ನಮ್ಮ ಸಂವಿಧಾನದ 47ನೇ ವಿಧಿ ಜನರ ಪೌಷ್ಟಿಕತೆಯ ಮಟ್ಟ ಏರಿಸುವುದನ್ನು ರಾಜ್ಯದ ಕರ್ತವ್ಯ ಎನ್ನುತ್ತದೆ. ಆದರೂ ಆ ಕರ್ತವ್ಯ ಮಕ್ಕಳ ತಟ್ಟೆಗೆ ಬರಲು ಬಹಳ ಕಾಲ ಹಿಡಿಯಿತು. 1995ರ ಯೋಜನೆಯಲ್ಲಿ ಹೆಚ್ಚಿನ ಕಡೆ ತಿಂಗಳಿಗೆ 3 ಕೆ.ಜಿ. ಧಾನ್ಯ ಕೊಡುತ್ತಿದ್ದರು, ಅದು ಮನೆಗೆ ಹೋಗಿ ಮನೆಮಂದಿಗೆಲ್ಲ ಹಂಚಿಹೋಗುತ್ತಿತ್ತು. ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ನಮ್ಮಲ್ಲಿ 2002ರಲ್ಲಿ ಅಕ್ಷರ ದಾಸೋಹ ಆರಂಭವಾಯಿತು. 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಹಕ್ಕಾಗಿಸಿತು: ಆರರಿಂದ ಎಂಟನೇ ತರಗತಿಯ ಮಗುವಿಗೆ ದಿನಕ್ಕೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್.

ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಕ್ಯಾಲೊರಿಯಲ್ಲ. ಊಟಕ್ಕೆ ಯಾವ ಕಾರ್ಡೂ ಬೇಕಿಲ್ಲ, ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಬಡವರಿಗೆ ಮಾತ್ರ ಕೊಟ್ಟರೆ ಹಣ ಉಳಿಯುತ್ತದಲ್ಲ ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ವಾದ ನಡೆಯಿತು. ಉಳಿಯಬಹುದು. ಆದರೆ ಯಾರು ಬಡವರೆಂದು ಗುರುತಿಸುವಾಗ ನಿಜವಾದ ಬಡವರೇ ಪಟ್ಟಿಯಿಂದ ತಪ್ಪಿಹೋಗುವುದುಂಟು. ಪಟ್ಟಿಯಲ್ಲಿರುವ ಮಗು ತಟ್ಟೆ ಹಿಡಿಯಲು ನಾಚುವುದೂ ಉಂಟು.

ಸವಾಲು ಹಣದ್ದೇ. ಕೇಂದ್ರದ ಯೋಜನೆ ಎಂಟನೇ ತರಗತಿಗೇ ಮುಗಿಯುತ್ತದೆ. ಒಂಬತ್ತು, ಹತ್ತನೇ ತರಗತಿಯ ಊಟ ನಮ್ಮ ರಾಜ್ಯದ ಸ್ವಂತ ಖರ್ಚು. ತರಕಾರಿ, ಬೇಳೆ, ಎಣ್ಣೆಗೆ ಮಗುವೊಂದಕ್ಕೆ ಇಷ್ಟು ಎಂದು ದರ ನಿಗದಿಯಾಗಿರುತ್ತದೆ. ಬೇಳೆಯ ಬೆಲೆ ಏರಿದ ದಿನವೇ ಆ ದರ ಏರುವುದಿಲ್ಲ, ಸಾಂಬಾರು ತೆಳ್ಳಗಾಗುತ್ತದೆ.

ಇಷ್ಟು ಹೇಳಿದ ಮೇಲೆ ಒಬ್ಬಳು ಕೇಳಿದಳು: "ಅಡುಗೆ ಆಂಟಿಗೆ ಎಷ್ಟು ಮಿಸ್?" ಅದು ನನ್ನ ಪಾಠ ಯೋಜನೆಯಲ್ಲಿರಲಿಲ್ಲ. 2009ರಲ್ಲಿ ಕೇಂದ್ರ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ ಹತ್ತು ತಿಂಗಳು. ಅದರಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ನಮ್ಮ ರಾಜ್ಯ ಅದರ ಮೇಲೆ ಇನ್ನಷ್ಟು ಸೇರಿಸಿ ಕೊಡುತ್ತದೆ, ನಿಜ. ಆದರೆ ಆ 1,000ವನ್ನು 25 ದಿನಕ್ಕೆ ಭಾಗಿಸಿದ ಮಕ್ಕಳು "ದಿನಕ್ಕೆ 40 ರೂಪಾಯಿ!" ಎಂದು ಕೂಗಿದರು. ಇದಕ್ಕೆ ಸಂಬಳ ಎನ್ನದೆ ಗೌರವಧನ ಎನ್ನುತ್ತಾರೆ. ಹಾಗಾಗಿ ಕನಿಷ್ಠ ವೇತನದ ಮಾತು ಅವರಿಗೆ ತಲುಪುವುದಿಲ್ಲ. ಫ್ರೀ ಊಟದ ಬೆಲೆಯಲ್ಲಿ ಒಂದಷ್ಟನ್ನು ತೆರುತ್ತಿರುವವರು ಇವರೇ ಎಂದು ಆ ಹುಡುಗನಿಗೆ ಹೇಳಿದೆ.

ಅಡುಗೆಯವರ ಮಗಳು ಅದೇ ತರಗತಿಯ ಎರಡನೇ ಬೆಂಚಿನಲ್ಲಿದ್ದಳೆಂದು ಗೊತ್ತಾದದ್ದು ಗಂಟೆ ಹೊಡೆದ ಮೇಲೆ. ಪಾಠ ವಿಷಯಾಂತರವಾಯಿತು ಎಂದು ಮಾರ್ಗದರ್ಶಕ ಶಿಕ್ಷಕರು ಅವಲೋಕನ ಹಾಳೆಯಲ್ಲಿ ಬರೆದರು. 'ಬಿ' ವಿಭಾಗಕ್ಕೆ ಪಾಠ ಮಾಡುವಾಗ ಗೌರವಧನದ ಲೆಕ್ಕವನ್ನು ಪಾಠ ಯೋಜನೆಯಲ್ಲೇ ಸೇರಿಸಿಕೊಂಡೆ. ದಿನಕ್ಕೆ ಭಾಗಿಸುವ ಕೊನೆಯ ಹಂತವನ್ನು ಮಾತ್ರ ಗಟ್ಟಿಯಾಗಿ ಹೇಳಿಸದೆ, ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿ ಎಂದೆ.