ಗಣಿತದ ಪ್ರಶ್ನೆಪತ್ರಿಕೆ ಟೈಪಿಂಗ್: 5² ಹೋಗಿ 52 ಆಗದಿರಲು ಕೀಬೋರ್ಡ್‌ನಲ್ಲೇ ಇದೆ ದಾರಿ

ಶಾಲೆಗಳಲ್ಲಿ ಪರೀಕ್ಷೆ ಹತ್ತಿರ ಬಂತೆಂದರೆ ಡಿಟಿಪಿ, ಜೆರಾಕ್ಸ್ ಅಂಗಡಿಗಳಿಗೆ ಬಿಡುವಿರಲ್ಲ. ಕನ್ನಡ, ಸಮಾಜ ಪತ್ರಿಕೆಗಳು ಸರಸರನೆ ಮುಗಿಯುತ್ತವೆ. ಗಣಿತದ ಹಾಳೆ ಬಂದಾಗ ಮಾತ್ರ ಕೈ ನಿಧಾನ. ಇನ್ಸರ್ಟ್, ಸಿಂಬಲ್ ಅಂತ ಹೋಗಿ ಒಂದೊಂದೇ ಚಿಹ್ನೆ ಹುಡುಕಬೇಕು. ಬೇಸತ್ತು ಗುಣಾಕಾರಕ್ಕೆ ಇಂಗ್ಲಿಷಿನ ಎಕ್ಸ್ ಹೊಡೆದು, ವರ್ಗದ 2 ಅನ್ನು ಪಕ್ಕದಲ್ಲೇ ಕೂರಿಸುವುದೂ ಉಂಟು. 5² ಅಂದರೆ 25. ಅದು 52 ಎಂದು ಅಚ್ಚಾದರೆ ಹೋಗುವುದು ಮಗುವಿನ ಅಂಕ.

ವಿಂಡೋಸ್ ಕಂಪ್ಯೂಟರ್‌ನಲ್ಲಿ ಇದಕ್ಕೆ ಸುಲಭ ದಾರಿ ಇದೆ. ನಮ್ ಲಾಕ್ ಆನ್ ಮಾಡಿ, ಎಡಗಡೆಯ ಆಲ್ಟ್ ಒತ್ತಿ ಹಿಡಿದು, ಬಲಬದಿಯ ನಂಬರ್ ಪ್ಯಾಡ್‌ನಲ್ಲಿ 0215 ಒತ್ತಿ ಕೈ ಬಿಟ್ಟರೆ × ಬರುತ್ತೆ. 0247ಕ್ಕೆ ÷, 0177ಕ್ಕೆ ±, 0178ಕ್ಕೆ ², 0179ಕ್ಕೆ ³, 0176ಕ್ಕೆ ಡಿಗ್ರಿಯ °. ಮೇಲಿನ ಸಾಲಿನ ಅಂಕಿ ಒತ್ತಿದರೆ ಕೆಲಸ ಮಾಡಲ್ಲ. ಈ ಆರನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿಕೊಂಡರೆ ಪ್ರಾಥಮಿಕ ಶಾಲೆಯ ಪತ್ರಿಕೆಗೆ ಬಹುತೇಕ ಸಾಕು.

ಆದರೆ ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಇದೇ ಸಂಖ್ಯೆ ಒತ್ತಿದರೆ × ಬದಲು ಕನ್ನಡ ಅಕ್ಷರದ ಯಾವುದೋ ತುಂಡು ಬಂದು ಕೂರುತ್ತೆ. ಇಂಥ ಫಾಂಟ್‌ಗಳಲ್ಲಿ ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲೇ ಕನ್ನಡದ ಒತ್ತು, ಗುಣಿತಗಳನ್ನು ತುಂಬಿರುತ್ತಾರೆ. ಚಿಹ್ನೆ ಹಾಕುವಾಗ ಫಾಂಟ್ ಅನ್ನು ಟೈಮ್ಸ್ ನ್ಯೂ ರೋಮನ್‌ಗೆ ಬದಲಿಸಿ, ಆಮೇಲೆ ವಾಪಸ್ ಬರಬೇಕು. ಯೂನಿಕೋಡ್‌ನಲ್ಲಿ ಟೈಪ್ ಮಾಡುವವರಿಗೆ ಈ ತಲೆನೋವಿಲ್ಲ.

ಹೈಸ್ಕೂಲ್ ಪತ್ರಿಕೆಗೆ ಎಂಎಸ್ ವರ್ಡ್‌ನಲ್ಲಿ ಇನ್ನೊಂದು ಉಪಾಯವಿದೆ. 2220 ಎಂದು ಟೈಪ್ ಮಾಡಿ ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಕೋನದ ∠ ಆಗುತ್ತೆ. 2234 ಅಂದರೆ ∴, 2260 ಅಂದರೆ ≠, 2264 ಮತ್ತು 2265 ಅಂದರೆ ≤, ≥. ಹಿಂದಿನ ಅಂಕಿಗೆ ಅಂಟಿಸಿ ಟೈಪ್ ಮಾಡಬಾರದು, ನಡುವೆ ಸ್ಪೇಸ್ ಇರಲಿ. ಇಲ್ಲದಿದ್ದರೆ ಎರಡೂ ಸೇರಿ ಬೇರೇನೋ ಆಗುತ್ತೆ.

ವರ್ಗಮೂಲದ ಗೆರೆ ಸಂಖ್ಯೆಯ ತಲೆ ಮೇಲೆ ಪೂರ್ತಿ ಎಳೆಯಬೇಕಲ್ಲ, ಅದಕ್ಕೆ ಬರೀ √ ಸಾಲದು. ವರ್ಡ್‌ನಲ್ಲಿ ಆಲ್ಟ್ ಜೊತೆ = ಒತ್ತಿದರೆ ಸಮೀಕರಣದ ಪೆಟ್ಟಿಗೆ ತೆರೆಯುತ್ತೆ. ಅದರೊಳಗೆ 3/4 ಬರೆದು ಸ್ಪೇಸ್ ಕೊಟ್ಟರೆ ಮೂರರ ಕೆಳಗೆ ಗೆರೆ, ಅದರಡಿ ನಾಲ್ಕು. 5^2 ಬರೆದು ಸ್ಪೇಸ್ ಕೊಟ್ಟರೆ 2 ಮೇಲೇರುತ್ತೆ. ಬ್ಯಾಕ್‌ಸ್ಲ್ಯಾಶ್ ಹಾಕಿ ಎಸ್, ಕ್ಯೂ, ಆರ್, ಟಿ ಬರೆದು, ಆವರಣದಲ್ಲಿ 50 ಇಟ್ಟು ಸ್ಪೇಸ್ ಕೊಟ್ಟರೆ ಗೆರೆ ಸಮೇತ ವರ್ಗಮೂಲ. ಫೈಲನ್ನು ಡಾಕ್ಸ್ ರೂಪದಲ್ಲೇ ಸೇವ್ ಮಾಡಬೇಕು. ಹಳೆಯ ಡಾಕ್ ರೂಪಕ್ಕೆ ಹೋದರೆ ಸಮೀಕರಣ ಚಿತ್ರವಾಗಿಬಿಡುತ್ತೆ, ಮೇಷ್ಟ್ರು ತಿದ್ದುಪಡಿ ಹೇಳಿದರೆ ಆ ರೂಪದಲ್ಲಿ ತಿದ್ದಲು ಆಗಲ್ಲ.

ಬಿಲ್, ಕೊಟೇಶನ್ ಮಾಡುವ ಅಂಗಡಿಯವರಿಗೆ ಮುಖ್ಯವಾದದ್ದು ₹. ಕೇಂದ್ರ ಸಚಿವ ಸಂಪುಟ 2010ರ ಜುಲೈ 15ರಂದು ಒಪ್ಪಿದ ಚಿಹ್ನೆ ಇದು. ಕೀಬೋರ್ಡ್ ಭಾಷೆಯನ್ನು ಇಂಗ್ಲಿಷ್ ಇಂಡಿಯಾ ಎಂದು ಇಟ್ಟುಕೊಂಡರೆ ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ಸಾಕು.

ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಅಥವಾ 11 ಇದ್ದರೆ, ವಿಂಡೋಸ್ ಕೀ ಜೊತೆ ಪೂರ್ಣವಿರಾಮ ಒತ್ತಿ. ಇಮೋಜಿ ಪಟ್ಟಿ ಬರುತ್ತೆ. ಅದರಲ್ಲಿ ಸಿಂಬಲ್ಸ್ ವಿಭಾಗಕ್ಕೆ ಹೋದರೆ ಗಣಿತದ ಚಿಹ್ನೆಗಳು ಸಿಗುತ್ತವೆ.