ಊಟಿಯ ಇಳಿಜಾರಿನಲ್ಲೊಂದು ಗುಲಾಬಿ ಭಂಡಾರ

ಬೇಸಿಗೆ ರಜೆ ಶುರುವಾದರೆ ಶಿವಮೊಗ್ಗ, ಭದ್ರಾವತಿ ಕಡೆಯಿಂದ ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿ ಹತ್ತುವ ಗಾಡಿಗಳಿಗೆ ಲೆಕ್ಕವಿಲ್ಲ. ಬೊಟಾನಿಕಲ್ ಗಾರ್ಡನ್, ಬೋಟ್ ಹೌಸ್, ದೊಡ್ಡಬೆಟ್ಟ, ಚಾಕೊಲೇಟ್ ಅಂಗಡಿ, ಇಷ್ಟಕ್ಕೇ ಒಂದು ದಿನ ಮುಗಿಯುತ್ತದೆ. ರೋಸ್ ಗಾರ್ಡನ್‌ಗೆ ಉಳಿಯುವುದು ಊಟಕ್ಕೆ ಮುಂಚಿನ ಅರ್ಧ ಗಂಟೆ, ಅದೂ ಫೋಟೊಗೆ. ನನ್ನ ಕೇಳಿದರೆ ಈ ಪಟ್ಟಿಯನ್ನೇ ತಲೆಕೆಳಗು ಮಾಡಬೇಕು. ದೋಣಿ ಎಲ್ಲಾದರೂ ಸಿಕ್ಕೀತು, ಇಷ್ಟು ಬಗೆಯ ಗುಲಾಬಿ ಒಂದೇ ಬೆಟ್ಟದ ಮಗ್ಗುಲಲ್ಲಿ ಸಿಗುವುದು ಅಪರೂಪ.

ಊಟಿಯ ಬೊಟಾನಿಕಲ್ ಗಾರ್ಡನ್ 1848ರದು. ಅದಕ್ಕೆ ರೂಪ ಕೊಟ್ಟವರು ವಿಲಿಯಂ ಗ್ರಹಾಂ ಮೆಕೈವರ್. ಊರಿನ ಫಲಪುಷ್ಪ ಪ್ರದರ್ಶನ ಆರಂಭವಾದದ್ದು 1896ರಲ್ಲಿ. ರೋಸ್ ಗಾರ್ಡನ್ ಇವೆರಡರ ಪಕ್ಕದಲ್ಲಿ ಎಳೆಯ ಕೂಸು. ಪ್ರದರ್ಶನದ ನೂರನೇ ವರ್ಷದ ನೆನಪಿಗೆಂದು 1995ರಲ್ಲಿ ತಮಿಳುನಾಡು ಸರ್ಕಾರ ಅದನ್ನು ವಿಜಯನಗರಂ ಬಡಾವಣೆಯಲ್ಲಿ, ಎಲ್ಕ್ ಹಿಲ್ ಇಳಿಜಾರಿನ ಸುಮಾರು ಹತ್ತು ಎಕರೆಯಲ್ಲಿ ಮಾಡಿತು. ಶತಮಾನೋತ್ಸವ ಗುಲಾಬಿ ಉದ್ಯಾನ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು. ಶುರುವಿನಲ್ಲಿ ನೆಟ್ಟದ್ದು 1,919 ತಳಿಗಳ 17,256 ಗಿಡ. ಆಮೇಲೆ ಎರಡೂ ಸಂಖ್ಯೆ ಬೆಳೆದಿವೆ.

ಇಳಿಜಾರನ್ನು ಕಡಿದು ಐದು ಬಾಗಿದ ಮೆಟ್ಟಿಲು ಮಾಡಿದ್ದಾರೆ. ನೋಟಕ್ಕೆ ಚೆಂದವೆಂದು ಮಾತ್ರ ಹೀಗೆ ಮಾಡಿದ್ದಲ್ಲ. ಗುಲಾಬಿಗೆ ನೀರು ಬೇಕು, ಬುಡದಲ್ಲಿ ನಿಂತ ನೀರು ಬೇಡ. ನೀಲಗಿರಿಯ ಮಳೆಯಲ್ಲಿ ಸಮತಟ್ಟು ಜಾಗವಾಗಿದ್ದರೆ ಬೇರು ಕೊಳೆತೇಹೋಗುತ್ತಿತ್ತು. ಇಲ್ಲಿ ಮಳೆನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು ಹೋಗುತ್ತದೆ. ಮಲೆನಾಡಿನ ಅಂಗಳದಲ್ಲಿ ಗುಲಾಬಿ ನೆಟ್ಟವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ಆಷಾಢ ಬರುತ್ತಲೇ ಎಲೆಗೆ ಕಪ್ಪು ಚುಕ್ಕೆ, ಆಮೇಲೆ ಎಲೆಯೆಲ್ಲ ಉದುರಿ ಬರೀ ಮುಳ್ಳು. ನಮ್ಮ ಹೆಂಗಸರು ಮಳೆಗಾಲಕ್ಕೆ ಡೇರೆ ಹೂವನ್ನು ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. ಊಟಿಗೆ ಎತ್ತರದ ಅನುಕೂಲವೂ ಇದೆ. ಸಮುದ್ರ ಮಟ್ಟದಿಂದ 2,200 ಮೀಟರ್ ಮೇಲಿನ ತಂಪಿನಲ್ಲಿ ಮೊಗ್ಗು ನಿಧಾನಕ್ಕೆ ಅರಳುತ್ತದೆ, ಅರಳಿದ ಹೂ ಬೇಗ ಬಾಡುವುದಿಲ್ಲ.

ಒಳಗೆ ಹೋದವರು ಮೊದಲು ಗುಂಪುಗಳನ್ನು ಗುರುತಿಸಿಕೊಂಡರೆ ಒಳ್ಳೆಯದು. ಉದ್ದ ಕಡ್ಡಿಯ ತುದಿಗೆ ಒಂದೇ ದೊಡ್ಡ ಹೂ ಬಿಟ್ಟಿದ್ದರೆ ಹೈಬ್ರಿಡ್ ಟೀ. ಬೊಕೆಯಲ್ಲಿ ಕಾಣುವ ಗುಲಾಬಿ ಬಹುಮಟ್ಟಿಗೆ ಈ ಕುಲದ್ದೇ. 1867ರಲ್ಲಿ ಫ್ರಾನ್ಸಿನ ಗುಲಾಬಿ ತಳಿಗಾರ ಗಿಯೋ ಬೆಳಕಿಗೆ ತಂದ ‘ಲಾ ಫ್ರಾನ್ಸ್’ ಈ ಗುಂಪಿನ ಮೊದಲ ತಳಿ ಎನ್ನುವುದು ರೂಢಿ. ಗೊಂಚಲಾಗಿ ಬಿಡುವುದು ಫ್ಲೋರಿಬಂಡ, ಗೊಂಚಲಿನಲ್ಲೇ ಇನ್ನೂ ಪುಟ್ಟ ಹೂವಿನದು ಪಾಲಿಯಾಂಥ. ಕುಂಡಕ್ಕೆ ಒಗ್ಗುವ ಮಿನಿಯೇಚರ್, ಕಮಾನಿಗೆ ಹಬ್ಬಿಸಿದ ಬಳ್ಳಿ ಗುಲಾಬಿಗಳು ಬೇರೆ. ವರ್ಷವಿಡೀ ಮತ್ತೆ ಮತ್ತೆ ಹೂ ಬಿಡುವ ಗುಣ ಇವಕ್ಕೆಲ್ಲ ಬಂದದ್ದು ಚೀನಾದ ಗುಲಾಬಿಯಿಂದ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ ಹೂ ಬಿಟ್ಟು ಸುಮ್ಮನಾಗುತ್ತಿದ್ದವು.

ಜನ ಮುಗಿಬೀಳುವುದು ಹಸಿರು ಗುಲಾಬಿ, ಕಪ್ಪು ಗುಲಾಬಿಗಳಿಗೆ. ಹಸಿರು ಗುಲಾಬಿಯಲ್ಲಿ ದಳವೇ ಇಲ್ಲ. ದಳ ಬರಬೇಕಾದ ಕಡೆಯೆಲ್ಲ ಪುಷ್ಪಪತ್ರ, ಅಂದರೆ ಮೊಗ್ಗನ್ನು ಮುಚ್ಚಿರುವ ಹಸಿರು ಎಸಳು, ಬಂದಿರುತ್ತದೆ. ಚೀನಾ ಗುಲಾಬಿಯಲ್ಲಿ ತಾನಾಗಿ ಆದ ಮಾರ್ಪಾಟು ಅದು. ಕಪ್ಪು ಗುಲಾಬಿ ಎನ್ನುವುದು ಕಡುಗೆಂಪೇ. ಬಿಸಿಲಿಗೆ ಹಿಡಿದರೆ ಬಣ್ಣ ಬಯಲಾಗುತ್ತದೆ. ಎರಡೂ ಸೋಜಿಗಕ್ಕೆ ಸರಿ, ಸೌಂದರ್ಯಕ್ಕೆ ನನ್ನ ಮತ ಸಾದಾ ಹಳದಿಗೆ.

ತೋಟದ ನಡುವೆ ‘ನಿಲಾ ಮಾಡಂ’ ಎಂಬ ಅಟ್ಟಣೆಯಿದೆ. ಅಲ್ಲಿಂದ ಐದೂ ಮೆಟ್ಟಿಲು ಒಟ್ಟಿಗೆ ಕಾಣುತ್ತವೆ. 2006ರಲ್ಲಿ ಜಪಾನಿನ ಒಸಾಕಾದಲ್ಲಿ ಸೇರಿದ ವಿಶ್ವ ಗುಲಾಬಿ ಸಂಘಗಳ ಒಕ್ಕೂಟ ಈ ತೋಟಕ್ಕೆ ಶ್ರೇಷ್ಠ ಉದ್ಯಾನ ಪ್ರಶಸ್ತಿ ಕೊಟ್ಟಿತು. ಚಂಡೀಗಢದ ಜಾಕಿರ್ ಹುಸೇನ್ ಗುಲಾಬಿ ಉದ್ಯಾನ 1967ರಲ್ಲೇ ಶುರುವಾದದ್ದು, ವಿಸ್ತಾರದಲ್ಲಿ ಇದರ ಮೂರು ಪಟ್ಟು. ಅಂಥ ಹಿರಿಯಣ್ಣನಿದ್ದೂ ಹತ್ತೆಕರೆಯ ಬೆಟ್ಟದ ತೋಟಕ್ಕೆ ಈ ಮನ್ನಣೆ ಬಂದದ್ದು ಸಣ್ಣ ಮಾತಲ್ಲ.

ಇಷ್ಟೆಲ್ಲ ಹೊರಗಿನ ತಳಿಗಳ ನಡುವೆ ನೀಲಗಿರಿಯ ಸ್ವಂತ ಗುಲಾಬಿಯನ್ನು ಕೇಳುವವರಿಲ್ಲ. ಶೋಲಾ ಕಾಡಿನ ಅಂಚಿನಲ್ಲಿ ಪೊದೆ ಮರಗಳ ಮೇಲೆ ಹಬ್ಬಿ ಬೆಳ್ಳಗೆ ಐದೆಸಳಿನ ಹೂ ಬಿಡುವ ಕಾಡು ಗುಲಾಬಿ ಅದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತ ಸುತ್ತಿದ ಫ್ರೆಂಚ್ ಸಸ್ಯತಜ್ಞ ಲೆಶೆನೋ ಹೆಸರಿನಲ್ಲಿ ಅದನ್ನು ರೋಸಾ ಲೆಶೆನಾಲ್ಟಿಯಾನ ಎಂದು ಕರೆದಿದ್ದಾರೆ. ಊಟಿ ಸುತ್ತ ಕಾಡಂಚಿನಲ್ಲಿ ನಡೆಯುವವರು ಕಣ್ಣಿಟ್ಟಿರಲಿ.

ಕನ್ನಡಿಗರಿಗೆ ಊಟಿ ಪರಸ್ಥಳವೂ ಅಲ್ಲ. ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರ ಹಟ್ಟಿಗಳು ಸುತ್ತಲಿವೆ. ಮೈಸೂರು ಒಡೆಯರ ಅರಮನೆ ಫರ್ನ್‌ಹಿಲ್‌ನಲ್ಲಿದೆ. ಅದೇ ಫರ್ನ್‌ಹಿಲ್‌ನಲ್ಲಿ ನಮ್ಮ ರಾಜ್ಯದ ತೋಟಗಾರಿಕೆ ಇಲಾಖೆ 38 ಎಕರೆಯಲ್ಲಿ ಬೆಳೆಸಿದ ಕರ್ನಾಟಕ ಸಿರಿ ಉದ್ಯಾನ 2018ರಿಂದ ತೆರೆದಿದೆ. ಅದನ್ನೂ ರೋಸ್ ಗಾರ್ಡನ್ನನ್ನೂ ಒಂದೇ ದಿನ ನೋಡಬಹುದು.

ಗುಲಾಬಿ ಪ್ರದರ್ಶನ ನಡೆಯುವುದು ಮೇ ತಿಂಗಳಲ್ಲಿ. ಆಗ ಹೂ ಬೇಕೆಂದರೆ ಗಿಡ ಸವರುವ ಕೆಲಸ ಚಳಿಗಾಲದಲ್ಲೇ ಮುಗಿದಿರಬೇಕು. ಹಾಗಾಗಿ ಜನವರಿಯಲ್ಲಿ ಹೋಗಿ ಬೋಳು ಕಡ್ಡಿ ಕಂಡು ಬೈದುಕೊಳ್ಳಬೇಡಿ. ಏಪ್ರಿಲ್ ಕೊನೆಯ ವಾರದ ದಿನಗಳಲ್ಲಿ, ಬೆಳಿಗ್ಗೆ ಹೋದರೆ ಹೂವೂ ಸಿಗುತ್ತದೆ, ಹೆಸರಿನ ಫಲಕ ಓದುವಷ್ಟು ಜಾಗವೂ ಸಿಗುತ್ತದೆ. 2024ರ ಮೇ ತಿಂಗಳಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ನೀಲಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಬಂದಿದೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿಗೆ ಅಲ್ಲಿ ನಿಷೇಧವಿದೆ, ಸ್ಟೀಲಿನದು ಒಯ್ಯಿರಿ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ.